ಕೊಳೆತ ಪಕ್ಕಾಸಿಗೆ ಎಪಾಕ್ಸಿಯಲ್ಲಿ ಹೊಸ ತುದಿ ಜೋಡಿಸಿದ ಕೆಲಸ

ಉಡುಪಿಯ ಕಲ್ಯಾಣಪುರದ ಹತ್ತಿರ ನಮ್ಮ ಹಂಚಿನ ಮನೆ. ಪಶ್ಚಿಮದ ಮಾಡಿನಲ್ಲಿ (ಚಾವಣಿಯಲ್ಲಿ) ಏಳು ಪಕ್ಕಾಸುಗಳ, ಅಂದರೆ ಹಂಚಿನ ಭಾರ ಹೊರುವ ಇಳಿಜಾರು ಮರಗಳ, ತುದಿ ಕೊಳೆತಿತ್ತು. ಎರಡನ್ನು ಪೂರ್ತಿ ಬದಲಾಯಿಸಿದೆವು. ಉಳಿದ ಐದರಲ್ಲಿ ಕೊಳೆತ ಭಾಗ ಕತ್ತರಿಸಿ ತೆಗೆದು, ಹೊಸ ಮರವನ್ನು ಓರೆಯಾಗಿ ಸೇರಿಸಿ ಎಪಾಕ್ಸಿಯಲ್ಲಿ (ರೆಸಿನ್, ಹಾರ್ಡನರ್ ಎಂಬ ಎರಡು ಭಾಗ ಕಲಸಿದರೆ ಗಟ್ಟಿಯಾಗುವ ಅಂಟು) ಅಂಟಿಸಿದೆವು. ನವೆಂಬರಿನಲ್ಲಿ ಶುರುವಾದ ಕೆಲಸ ಫೆಬ್ರವರಿಗೆ ಮುಗಿಯಿತು. ಏಪ್ರಿಲ್ ಬಿಸಿಲಿನಲ್ಲಿ ಒಮ್ಮೆ ಅಳೆದು ನೋಡಿ ಈಗ ಬರೆಯುತ್ತಿದ್ದೇನೆ.

ಅಂಟಿನ ಮೇಲೆ ಮಾಡು ನಿಲ್ಲಿಸುವುದು ಅಂದರೆ ಯಾರಿಗಾದರೂ ಹೆದರಿಕೆ ಆಗುತ್ತದೆ. ಆಗಬೇಕು ಕೂಡ. ಪ್ಯಾಕಿನ ಮೇಲೆ ಬರೆದಿರುವುದು ಅಂಟಿನ ಬಲ, ಜೋಡಣೆಯ ಬಲ ಅಲ್ಲ. ಮರದ ಮೇಲ್ಮೈ ಹೇಗಿತ್ತು, ಓರೆ ಎಷ್ಟಿತ್ತು, ಭಾರ ಯಾವ ದಿಕ್ಕಿಗೆ ಬೀಳುತ್ತದೆ, ಬಿಸಿ ಎಷ್ಟು, ಇದೆಲ್ಲ ಸೇರಿ ಜೋಡಣೆಯ ಬಲ ಆಗುತ್ತದೆ. ಅದಕ್ಕೇ ಮೇಲೆ ಹತ್ತುವ ಮೊದಲು ಅಂಗಳದಲ್ಲಿ ಕೂತು ತುಂಡುಗಳನ್ನು ಅಂಟಿಸಿ ಮುರಿದು ನೋಡಿದೆವು. ಈ ಬರಹದಲ್ಲಿ ಜಾಸ್ತಿ ಜಾಗ ಅದಕ್ಕೇ ಕೊಟ್ಟಿದ್ದೇನೆ.

ಹಂತ 1: ಹಂಚು ಇಳಿಸಿ ನೋಡಿದ್ದು (ನವೆಂಬರ್)

ಪಕ್ಕಾಸುಗಳು ಕಿರಾಲ್‌ಬೋಗಿ ಎಂಬ ಗಟ್ಟಿ ಜಾತಿಯ ಮರದ್ದು. 4 ಇಂಚು ಎತ್ತರ, 2 ಇಂಚು ದಪ್ಪ. ಗೋಡೆಯಿಂದ ಎರಡೂವರೆ ಅಡಿ ಹೊರಗೆ ಚಾಚಿಕೊಂಡಿವೆ. ಐದರಲ್ಲಿ ಕೊಳೆತದ್ದು ಆ ಚಾಚಿದ ಭಾಗ ಮಾತ್ರ. ಅಲ್ಲಿ ಸ್ಕ್ರೂಡ್ರೈವರ್ ಚುಚ್ಚಿದರೆ ಒಂದೂವರೆ ಇಂಚು ಒಳಗೆ ಹೋಗುತ್ತಿತ್ತು. ಗೋಡೆಯಿಂದ ಒಳಗೆ ಅದೇ ಮರಕ್ಕೆ ಮೊಳೆ ಹೊಡೆದರೆ ಮೊಳೆ ಬಾಗುತ್ತದೆ, ಅಷ್ಟು ಗಟ್ಟಿ ಉಂಟು.

ಕೆಲವು ವರ್ಷಗಳ ಹಿಂದೆ ಒಬ್ಬರು ಕಂಟ್ರಾಕ್ಟರ್ ಇದೇ ಜಾಗಕ್ಕೆ ಕಬ್ಬಿಣದ ಪಟ್ಟಿ ಅಂಟಿಸಿ ಕೊಟ್ಟಿದ್ದರು. 5 ಮಿ.ಮೀ. ದಪ್ಪದ ಪಟ್ಟಿ, ಪಕ್ಕಾಸಿನ ಅಡಿಗೆ, ಬೇಗ ಗಟ್ಟಿಯಾಗುವ ಎಪಾಕ್ಸಿಯಲ್ಲಿ. ಒಂದು ಬೋಲ್ಟ್ ಕೂಡ ಇಲ್ಲ. ಕೆಲವು ಪಟ್ಟಿಗಳು ಹೋದ ಮಳೆಗಾಲದಲ್ಲಿ ತಾವಾಗಿ ಬಿದ್ದಿದ್ದವು. ಉಳಿದವಕ್ಕೆ ಉಳಿಯ ತುದಿ ಹಾಕಿ ಮೀಟಿದ ಕೂಡಲೇ ಕಾವಲಿಯಿಂದ ದೋಸೆ ಏಳುವ ಹಾಗೆ ಒಂದು ಅಂಚಿನಿಂದ ಎದ್ದು ಬಂದವು.

ಎದ್ದು ಬಂದ ಪಟ್ಟಿಯನ್ನು ಬಿಸಾಡದೆ ಬೆಳಕಿಗೆ ಹಿಡಿದು ನೋಡಬೇಕು. ಒಂದರಲ್ಲಿ ಪಟ್ಟಿಯ ಮೇಲೆ ಅಂಟು, ಅಂಟಿನ ಮೇಲೆ ಹಳೆಯ ಹಸಿರು ಪೇಂಟ್ ಇತ್ತು. ಅಂದರೆ ಅಂಟು ಪೇಂಟನ್ನು ಹಿಡಿದಿತ್ತು, ಪೇಂಟ್ ಮರವನ್ನು ಬಿಟ್ಟಿತು. ಇನ್ನೊಂದರಲ್ಲಿ ಅಂಟು ಮರದ ಮೇಲೇ ಉಳಿದಿತ್ತು, ಅದರ ಮೇಲೆ ಕಬ್ಬಿಣದ ತುಕ್ಕು ಪದರ ಪದರವಾಗಿ ಕೂತಿತ್ತು. ಎರಡರಲ್ಲೂ ಅಂಟು ಮುರಿದಿರಲಿಲ್ಲ. ಅಂಟು ಹಿಡಿದುಕೊಂಡಿದ್ದ ಪದರವೇ ಸಡಿಲ ಇತ್ತು.

ಇನ್ನೊಂದು ತೊಂದರೆ ದಿಕ್ಕಿನದ್ದು. ಉದ್ದಕ್ಕೆ ಜಾರಿಸುವ ಬಲವನ್ನು ಅಂಟು ಚೆನ್ನಾಗಿ ತಾಳುತ್ತದೆ. ಅಂಚಿನಿಂದ ಸುಲಿಯುವ ಬಲವನ್ನು ತಾಳುವುದಿಲ್ಲ. ಮರ ಬಾಗಿದಾಗಲೆಲ್ಲ ಗಡುಸಾದ ಕಬ್ಬಿಣದ ಪಟ್ಟಿಯ ತುದಿ ಮರದಿಂದ ಕಿತ್ತುಕೊಳ್ಳಲು ನೋಡುತ್ತದೆ. ಪಟ್ಟಿ ಅಂಟಿಸುವುದಾದರೆ ತುದಿಗಳಿಗೆ ಬೋಲ್ಟ್ ಬೇಕೇ ಬೇಕು.

ಹಂತ 2: ಯಾವ ಅಂಟು

ಮರದ ಕೆಲಸದ ಆಚಾರಿಯವರು ಮೊದಲು ಒಪ್ಪಲಿಲ್ಲ. "ಗಮ್ಮಿನಲ್ಲಿ ಮಾಡು ನಿಲ್ತದಾ ಮಾರಾಯ್ರೆ? ಪೂರ್ತಿ ಬದಲಾಯಿಸಿ ಬಿಡುವ" ಅಂದರು. ಪೂರ್ತಿ ಬದಲಾಯಿಸಬೇಕಾದರೆ ಮೋಂತಾಯದವರೆಗೆ (ಮಾಡಿನ ನೆತ್ತಿಯ ಮರ) ಹಂಚು, ರೀಪು (ಹಂಚು ಕೂರುವ ಪಟ್ಟಿ) ಎಲ್ಲ ಬಿಚ್ಚಬೇಕು. ಅಲ್ಲಿ ಹಳೆಯವರು ಮಾಡಿದ ಮರದ ಕೂಡಿಕೆಗಳು ಒಂದು ಚೂರೂ ಅಲುಗಾಡದೆ ಕೂತಿವೆ, ಅದನ್ನು ಸುಮ್ನೆ ಕೆಣಕಲು ನನಗೆ ಮನಸ್ಸಿರಲಿಲ್ಲ. "ಮುರಿದು ನೋಡುವ ಆಚಾರ್ರೆ, ಅಂಟು ಬಿಟ್ಟರೆ ನೀವು ಹೇಳಿದ ಹಾಗೆಯೇ ಮಾಡುವ" ಅಂದೆ. ಅದಕ್ಕೆ ಒಪ್ಪಿದರು.

ಮಲ್ಪೆಯಲ್ಲಿ ಫೈಬರ್ ದೋಣಿ ಕೆಲಸ ಮಾಡುವವರನ್ನು ಕೇಳಿದೆ. ಅವರು ಬಳಸುವುದು ಪಾಲಿಯೆಸ್ಟರ್ ರೆಸಿನ್. ಬೆಲೆ ಕಡಿಮೆ. ಆದರೆ ಅವರೇ ಹೇಳಿದರು, ಫೈಬರಿಗೆ ಫೈಬರ್ ಆದರೆ ಸರಿ, ಬರೀ ಮರಕ್ಕೆ ಮರ ಇದು ಹಿಡಿಯುವುದಿಲ್ಲ ಎಂದು. ಆದರೂ ಪರೀಕ್ಷೆಗೆ ಒಂದು ಸಣ್ಣ ಡಬ್ಬಿಯಲ್ಲಿ ತಂದುಕೊಂಡೆ.

ಐದು ನಿಮಿಷದಲ್ಲಿ ಗಟ್ಟಿಯಾಗುವ ಎಪಾಕ್ಸಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅಮೆರಿಕದ ಬಾಸ್ಟನ್‌ನಲ್ಲಿ 2006ರ ಜುಲೈನಲ್ಲಿ ಒಂದು ಸುರಂಗ ರಸ್ತೆಯ ಚಾವಣಿಯ ಕಾಂಕ್ರೀಟ್ ಫಲಕಗಳು ಕಾರಿನ ಮೇಲೆ ಬಿದ್ದು ಒಬ್ಬ ಮಹಿಳೆ ತೀರಿಕೊಂಡರು. ಚಾವಣಿಯನ್ನು ಹಿಡಿದಿದ್ದ ಬೋಲ್ಟುಗಳನ್ನು ಕಾಂಕ್ರೀಟಿನ ತೂತಿಗೆ ಎಪಾಕ್ಸಿಯಲ್ಲಿ ಕೂರಿಸಿದ್ದರು. ತನಿಖೆಯಲ್ಲಿ ಗೊತ್ತಾದದ್ದು ಇಷ್ಟು: ಅದು ಬೇಗ ಗಟ್ಟಿಯಾಗುವ ಬಗೆಯ ಎಪಾಕ್ಸಿ, ಸ್ವಲ್ಪ ಹೊತ್ತಿನ ಭಾರವನ್ನು ಚೆನ್ನಾಗಿ ಹೊರುತ್ತಿತ್ತು, ಆದರೆ ವರ್ಷಗಟ್ಟಲೆ ಒಂದೇ ಸಮ ಎಳೆಯುತ್ತಿದ್ದ ಭಾರಕ್ಕೆ ನಿಧಾನವಾಗಿ ಜಗ್ಗುತ್ತಾ ಬಂತು. ಮಾಡಿನ ಭಾರವೂ ಅಂಥದ್ದೇ ಅಲ್ವಾ, ಹಗಲು ರಾತ್ರಿ ಬಿಡುವಿಲ್ಲ.

ಕೊನೆಗೆ ತಂದದ್ದು ನಿಧಾನಕ್ಕೆ ಗಟ್ಟಿಯಾಗುವ ಅರಾಲ್ಡೈಟ್. ರೆಸಿನ್ 1 ಕಿಲೋ, ಹಾರ್ಡನರ್ 800 ಗ್ರಾಂ. ಇದರ ಅಳತೆಯಲ್ಲಿ ಒಂದು ವಿಷಯ ನೆನಪಿಡಬೇಕು. ಗಾತ್ರದಲ್ಲಿ ಅಳೆದರೆ ಸಮ ಸಮ, ತೂಕದಲ್ಲಿ ಅಳೆದರೆ 100ಕ್ಕೆ 80. ಅಡುಗೆಮನೆಯ ತಕ್ಕಡಿ ಇಟ್ಟುಕೊಂಡು ಸಮ ತೂಕ ಹಾಕಿದರೆ ಹಾರ್ಡನರ್ ಜಾಸ್ತಿಯಾಗಿ ಅಂಟು ಮೆದುವಾಗಿಯೇ ಉಳಿಯುತ್ತದೆ. ಹಾರ್ಡನರ್ ಚರ್ಮಕ್ಕೆ ಉರಿ ಮಾಡುತ್ತದೆ, ಗ್ಲೌಸ್ ಹಾಕಿಕೊಳ್ಳಿ.

ಹಂತ 3: ಅಂಗಳದಲ್ಲಿ ಮುರಿದದ್ದು (ಡಿಸೆಂಬರ್)

ಒಳ್ಳೆಯ ಕಿರಾಲ್‌ಬೋಗಿಯಿಂದಲೇ 15 ಮಿ.ಮೀ. ಚೌಕದ ಕೋಲುಗಳನ್ನು ಸೀಳಿಸಿದೆವು. ಎರಡು ಕಲ್ಲುಗಳ ನಡುವೆ 60 ಸೆಂ.ಮೀ. ಅಂತರ, ನಡುಮಧ್ಯೆ ಹಗ್ಗ, ಹಗ್ಗಕ್ಕೆ ಕ್ಯಾನು. ಮೊದಲು ತೂಕದ ಕಲ್ಲು, ಆಮೇಲೆ ಲೀಟರ್ ಲೆಕ್ಕದಲ್ಲಿ ನೀರು. ಒಂದು ಲೀಟರ್ ನೀರು ಒಂದು ಕೆ.ಜಿ., ಬೇರೆ ಲೆಕ್ಕ ಬೇಡ.

ಜೋಡಣೆ ಇಲ್ಲದ ಇಡೀ ಕೋಲು 38ರಿಂದ 42 ಕೆ.ಜಿ.ಗೆ ಮುರಿಯಿತು. ತುದಿಗೆ ತುದಿ ನೇರ ಅಂಟಿಸಿದ್ದು 6ರಿಂದ 8 ಕೆ.ಜಿ.ಗೆ ಬಿಟ್ಟಿತು. ನೇರ ತುದಿ ಅಂಟಿಸುವುದನ್ನು ಅಲ್ಲಿಗೇ ಕೈಬಿಟ್ಟೆವು.

ಓರೆ ಜೋಡಣೆಯಲ್ಲಿ ದಪ್ಪ 1 ಇದ್ದರೆ ಓರೆಯ ಉದ್ದ 4 ಇಟ್ಟದ್ದು 19ರಿಂದ 23 ಕೆ.ಜಿ. ತಡೆಯಿತು. 1ಕ್ಕೆ 8 ಇಟ್ಟದ್ದು 33ರಿಂದ 36. ಇದರಲ್ಲಿ ಅಂಟು ಬಿಡಲಿಲ್ಲ, ಪಕ್ಕದ ಮರ ಸಿಗಿದು ಹೋಯಿತು. ಮುರಿದ ತುಂಡನ್ನು ಆಚಾರಿಯವರು ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದರು. ಅಂಟಿನ ಮೇಲೆ ಮರದ ನಾರು ಕಿತ್ತು ಬಂದಿತ್ತು. ಅವರ ಮನಸ್ಸು ಬದಲಾದದ್ದು ಅದನ್ನು ನೋಡಿ, ನನ್ನ ಮಾತಿನಿಂದಲ್ಲ. 1ಕ್ಕೆ 12 ಕೂಡ ಮಾಡಿ ನೋಡಿದೆವು, ಒಂದೆರಡು ಕೆ.ಜಿ. ಹೆಚ್ಚು ಸಿಕ್ಕಿತು ಅಷ್ಟೇ. ಅದಕ್ಕಾಗಿ ಅಷ್ಟು ಉದ್ದದ ಒಳ್ಳೆಯ ಮರ ಕಳೆಯುವುದು ಬೇಡ ಎಂದು 1ಕ್ಕೆ 8 ಗಟ್ಟಿ ಮಾಡಿದೆವು. ಓರೆಯನ್ನು ಮೇಲೆ ಕೆಳಗೆ ಹಾಗೂ ಅಡ್ಡಕ್ಕೆ ತಿರುಗಿಸಿಯೂ ಮುರಿದೆವು. ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ಪಾಲಿಯೆಸ್ಟರ್ ಹಾಕಿದ 1ಕ್ಕೆ 8ರ ಕೋಲು 17 ಕೆ.ಜಿ.ಗೆ ಬಿಟ್ಟಿತು. ಒಂದು ಕಡೆ ಹೊಳೆಯುವ ರೆಸಿನ್, ಇನ್ನೊಂದು ಕಡೆ ಬರೀ ಮರ. ಒಂದು ನಾರೂ ಇಲ್ಲ.

ನೀರು ತಡೆಯುವ ಬಗೆಯ ಬಿಳಿ ಅಂಟು ಮೊದಲು ಅಚ್ಚರಿ ಹುಟ್ಟಿಸಿತು, 30 ಕೆ.ಜಿ. ತಡೆಯಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ಅದನ್ನೇ ಬಳಸಬಹುದು ಅನ್ನಿಸುತ್ತಿತ್ತು. ಹಾಗಾಗಿ ಬಿಳಿ ಅಂಟಿನದ್ದು ಒಂದು, ಎಪಾಕ್ಸಿಯದ್ದು ಒಂದು ಕೋಲನ್ನು ಬಿಸಿಲು ಬೀಳುವ ಜಾಗದಲ್ಲಿಟ್ಟು ತಲಾ 12 ಕೆ.ಜಿ. ನೇತು ಹಾಕಿ ಒಂದು ವಾರ ಬಿಟ್ಟೆವು. ಬಿಳಿ ಅಂಟಿನದ್ದು ದಿನ ದಿನ ಜಗ್ಗಿ ಕೊನೆಗೆ ಓರೆಯ ಅಂಚು ಬಾಯಿ ಬಿಟ್ಟಿತು. ಎಪಾಕ್ಸಿಯದ್ದು ಮೊದಲ ದಿನ ಎಷ್ಟು ಬಾಗಿತ್ತೋ ಹೆಚ್ಚು ಕಡಿಮೆ ಅಷ್ಟೇ. ಪೀಠೋಪಕರಣಕ್ಕೆ ಬಿಳಿ ಅಂಟು ಒಳ್ಳೆಯದೇ. ಸದಾ ಭಾರ ಹೊರುವ ಜಾಗಕ್ಕೆ ಮಾತ್ರ ಅದು ಬೇಡ.

ಕುದಿಸಿಯೂ ನೋಡಿದೆವು. ಐಎಸ್ 710 ಎಂಬ ಭಾರತೀಯ ಮಾನದಂಡದ, ನೀರು ತಡೆಯುವ ಪ್ಲೈವುಡ್ಡನ್ನು 72 ಗಂಟೆ ಕುದಿಸಿ ಪರೀಕ್ಷಿಸುತ್ತಾರೆ. ಅದರ ಅಂಟೇ ಬೇರೆ, ಹಾಗಾಗಿ ನಾವು ಮೂರು ಗಂಟೆ ಮಾತ್ರ ಕುದಿಸಿದೆವು. ಬಿಸಿ ಇರುವಾಗಲೇ ಭಾರ ಹಾಕಿದ ಎಪಾಕ್ಸಿ ಕೋಲು ಬರೀ 11 ಕೆ.ಜಿ.ಗೆ ಅಂಟಿನ ಗೆರೆಯಲ್ಲಿ ಬಿಚ್ಚಿಕೊಂಡಿತು. ಜೊತೆಗೇ ಕುದಿಸಿ, ಚೆನ್ನಾಗಿ ಒಣಗಿಸಿ ಆಮೇಲೆ ಮುರಿದದ್ದು 29 ಕೆ.ಜಿ. ತಡೆಯಿತು. ಮನೆಯ ವಾತಾವರಣದಲ್ಲಿ ಗಟ್ಟಿಯಾಗುವ ಎಪಾಕ್ಸಿಗಳು 60 ಡಿಗ್ರಿ ಹತ್ತಿರ ಹೋದಾಗ ಮೆದುವಾಗಿ ಬಲ ಕಳೆದುಕೊಳ್ಳುತ್ತವೆ. ಇಡೀ ಕೆಲಸದಲ್ಲಿ ನನಗೆ ಹೆಚ್ಚು ಚಿಂತೆ ಹಚ್ಚಿದ್ದು ಈ 11 ಎಂಬ ಅಂಕಿ. ಹಂಚಿನ ಅಡಿಯಲ್ಲಿ ಬೇಸಗೆಯಲ್ಲಿ ಎಷ್ಟು ಬಿಸಿ ಇರುತ್ತದೆ ಎಂದು ಅಳೆಯಲೇಬೇಕು ಎಂದು ಆಗಲೇ ಬರೆದಿಟ್ಟುಕೊಂಡೆ.

ಇನ್ನೊಂದು. ಕ್ಲಾಂಪನ್ನು ಜೋರಾಗಿ ಬಿಗಿದ ಕೋಲು 24 ಕೆ.ಜಿ.ಗೇ ಹೋಯಿತು. ಅಂಟೆಲ್ಲ ಹೊರಗೆ ಹಿಂಡಿ ಒಳಗೆ ಖಾಲಿ. ಬಿಳಿ ಅಂಟಿಗೆ ಬಿಗಿಯಾಗಿ ಹಿಡಿಯುವುದು ಆಚಾರಿಗಳ ಅಭ್ಯಾಸ. ಎಪಾಕ್ಸಿಗೆ ಎರಡು ಮುಖಗಳು ಕೂಡಿಕೊಂಡಿರುವಷ್ಟು ಒತ್ತಿದರೆ ಸಾಕು.

ಹಂತ 4: ಮರದ ತೇವ

ಹೊಸ ತುದಿಗೆ ಹಳೆ ಮನೆ ಕೆಡವಿದ ಕಿರಾಲ್‌ಬೋಗಿ ಸಿಕ್ಕಿತು. ಒಂದು ತುಂಡು ಕತ್ತರಿಸಿ ತೂಗಿದೆ, 212 ಗ್ರಾಂ. ಓವನ್ನಿನಲ್ಲಿ 103 ಡಿಗ್ರಿಯಲ್ಲಿಟ್ಟು, ತೂಕ ಇಳಿಯುವುದು ನಿಂತ ಮೇಲೆ ತೂಗಿದರೆ 187. ವ್ಯತ್ಯಾಸ 25. ಅದನ್ನು 187ರಿಂದ ಭಾಗಿಸಿದರೆ ಸುಮಾರು 13 ಶೇಕಡ ತೇವ. ಇದು ಅಂಟಿಸಲು ಒಳ್ಳೆಯ ಮಟ್ಟ. ಹಳೆ ಪಕ್ಕಾಸಿನ ಒಳಭಾಗವೂ ಹೆಚ್ಚು ಕಡಿಮೆ ಅಷ್ಟೇ ಇತ್ತು. ಎರಡೂ ಹತ್ತಿರ ಹತ್ತಿರ ಇರುವುದು ಮುಖ್ಯ, ಇಲ್ಲದಿದ್ದರೆ ಒಂದು ಕುಗ್ಗುವಾಗ ಇನ್ನೊಂದು ಅಂಟಿನ ಗೆರೆಯನ್ನು ಎಳೆಯುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಈ ಕೆಲಸಕ್ಕೆ ಕೈ ಹಾಕಲೇಬಾರದು.

ಹಂತ 5: ಕತ್ತರಿಸಿ ಅಂಟಿಸಿದ್ದು (ಜನವರಿ)

ಬಾಡಿಗೆ ಜಾಕ್ ಕೊಟ್ಟು ಪಕ್ಕಾಸುಗಳನ್ನು ಎತ್ತಿ ಹಿಡಿದೆವು. ಜೋಡಣೆ ಎಲ್ಲಿ ಬರಬೇಕು ಎನ್ನುವುದಕ್ಕೆ ಸ್ವಲ್ಪ ಯೋಚನೆ ಬೇಕು. ಹೊರಗೆ ಚಾಚಿದ ಭಾಗ ತುದಿಯಲ್ಲಿ ಕೆಳಕ್ಕೆ ಜಗ್ಗುತ್ತದೆ, ಒಳಗಿನ ಭಾಗ ನಡುವಿನಲ್ಲಿ ಬಾಗುತ್ತದೆ, ಗೋಡೆಯ ಮೇಲೆ ಒತ್ತಡ ಜಾಸ್ತಿ. ಗೋಡೆಯಿಂದ ಸ್ವಲ್ಪ ಒಳಗೆ ಬಾಗು ದಿಕ್ಕು ಬದಲಿಸುವ ಜಾಗ ಒಂದು ಬರುತ್ತದೆ, ಅಲ್ಲಿ ಮರಕ್ಕೆ ಕೆಲಸ ಕಡಿಮೆ. ಹಾಗಾಗಿ ಗೋಡೆಯಿಂದ ಒಂದು ಅಡಿ ಒಳಗೆ ಓರೆ ಶುರು ಮಾಡಿದೆವು. ದಪ್ಪ 2 ಇಂಚು, ಓರೆಯ ಉದ್ದ 16 ಇಂಚು. ಗೋಡೆಯ ಮೇಲೆ ಬರುವುದು ಪೂರ್ತಿ ಹೊಸ ಮರ.

ಓರೆಗೆ ಪ್ಲೈವುಡ್ಡಿನ ಎರಡು ಅಚ್ಚು ಮಾಡಿ ಪಕ್ಕಾಸಿನ ಮೇಲೆ ಒಂದು, ಅಡಿಗೆ ಒಂದು ಕ್ಲಾಂಪ್ ಹಾಕಿ ಪ್ಲೇನರ್ ಓಡಿಸಿದೆವು. ಕೂಡುತ್ತದಾ ನೋಡಲು ನಡುವೆ ಕಾರ್ಬನ್ ಪೇಪರ್ ಇಟ್ಟು ಉಜ್ಜಿದರೆ ಉಬ್ಬಿದ ಜಾಗ ಕಪ್ಪಾಗುತ್ತದೆ. ಆಮೇಲೆ 80 ನಂಬರ್ ಪಾಲಿಶ್ ಪೇಪರ್, ಒಣ ಬ್ರಷ್. ಹೊಸದಾಗಿ ಹೆರೆದ ಮುಖಕ್ಕೆ ಅದೇ ದಿನ ಅಂಟು ಹಾಕಬೇಕು. ಒಂದು ಹನಿ ನೀರು ಬಿಟ್ಟು ನೋಡಿ: ಹೊಸ ಮುಖದಲ್ಲಿ ಹರಡಿ ಇಂಗುತ್ತದೆ, ಹಳೆಯ ಮುಖದಲ್ಲಿ ಮಣಿಯಾಗಿ ನಿಲ್ಲುತ್ತದೆ. ಮಣಿಯಾಗಿ ನಿಂತರೆ ಮತ್ತೆ ಹೆರೆಯಿರಿ.

ಒಂದು ಜೋಡಣೆಗೆ ಸುಮಾರು 70 ಗ್ರಾಂ ಅಂಟು ಬೇಕಾಯಿತು. ಡಬ್ಬಿಗಳನ್ನು ಬಿಸಿನೀರಿನಲ್ಲಿಟ್ಟು ಸ್ವಲ್ಪ ತೆಳ್ಳಗೆ ಮಾಡಿ, ಕಲಸಿ, ಎರಡೂ ಮುಖಕ್ಕೆ ತಿಕ್ಕಿ ಹಚ್ಚಿದೆವು. ಓರೆಯಲ್ಲಿ ಮರದ ನಾರಿನ ಬಾಯಿ ತೆರೆದಿರುತ್ತದೆ, ಅದು ಅಂಟು ಕುಡಿಯುತ್ತದೆ. ಕಾಲು ಗಂಟೆ ಬಿಟ್ಟು, ಜರಡಿ ಹಿಡಿದ ನಯವಾದ ಮರದ ಹುಡಿ ಬೆರೆಸಿದ ಎರಡನೇ ಅಂಟು. ಅಂಟಿನ ಪದರ ಪೂರ್ತಿ ಹಿಂಡಿ ಹೋಗದಿರಲು ಗಾಳಕ್ಕೆ ಕಟ್ಟುವ 0.3 ಮಿ.ಮೀ. ನೈಲಾನ್ ದಾರದ ಸಣ್ಣ ತುಂಡುಗಳನ್ನು ನಡುವೆ ಅಡ್ಡ ಇಟ್ಟೆವು. ಓರೆ ಮುಖಗಳು ಕ್ಲಾಂಪ್ ಬಿಗಿಯುವಾಗ ಜಾರುತ್ತವೆ, ಅದಕ್ಕೆ ಮೊದಲೇ ಎರಡು ತೆಳು ಮೊಳೆ ಹೊಡೆದು ನಿಲ್ಲಿಸಬೇಕು.

ಪ್ರತಿ ಸಲ ಅಂಟು ಕಲಸಿದಾಗ ಅದೇ ಅಂಟಿನಲ್ಲಿ, ಪಕ್ಕಾಸಿಗೆ ಮಾಡಿದ್ದನ್ನೇ ಮಾಡುತ್ತಾ ಒಂದು 15 ಮಿ.ಮೀ. ಕೋಲನ್ನೂ ಅಂಟಿಸಿ ಪಕ್ಕಕ್ಕಿಟ್ಟೆವು. ಪಕ್ಕಾಸನ್ನು ಮುರಿದು ನೋಡಲು ಆಗುವುದಿಲ್ಲ, ಕೋಲನ್ನು ಮುರಿಯಬಹುದು.

ಹಂತ 6: ಮೂರನೇ ಪಕ್ಕಾಸು ಕೆಟ್ಟದ್ದು

ಮೊದಲ ಅಂಟು ಹಚ್ಚಿ ಆಗಿತ್ತು, ಸಂಜೆ ಹೊತ್ತು, ಜಾಕ್ ಸರಿದು ಪಕ್ಕಾಸು ಮುಕ್ಕಾಲು ಇಂಚು ಇಳಿಯಿತು. ಅದನ್ನು ಎತ್ತಿ ಸರಿ ಮಾಡುವಾಗ ಕತ್ತಲಾಯಿತು. ಅಂಟು ಹಚ್ಚಿದ ಮುಖ ರಾತ್ರಿಯಿಡೀ ಇಬ್ಬನಿಯ ಗಾಳಿಗೆ ತೆರೆದುಕೊಂಡಿತ್ತು. ಬೆಳಿಗ್ಗೆ ಅದರ ಮೇಲೆಯೇ ಎರಡನೇ ಅಂಟು ಹಾಕಿ ಕೂಡಿಸಿದೆವು. ಮುಟ್ಟಿದರೆ ಸ್ವಲ್ಪ ಜಿಡ್ಡು ಇತ್ತು, ಪೂರ್ತಿ ಒಣಗಿಲ್ಲ, ಒಳ್ಳೆಯದೇ ಆಯಿತು ಎಂದುಕೊಂಡೆವು.

ಆ ದಿನದ ಕೋಲು 14 ಕೆ.ಜಿ.ಗೆ ಬಿಟ್ಟಿತು. ಎರಡು ಅಂಟಿನ ಪದರಗಳ ನಡುವೆಯೇ ಬಿಟ್ಟಿತ್ತು, ಎರಡೂ ಕಡೆ ಗಾಜಿನ ಹೊಳಪು. ಆ ಜಿಡ್ಡು ಅಂದರೆ ಹಾರ್ಡನರ್ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಮೇಲೆ ಕಟ್ಟುವ ಮೇಣದಂಥ ಪೊರೆ. ಅದರ ಮೇಲೆ ಹಾಕಿದ ಅಂಟು ಪೊರೆಯನ್ನೇ ಹಿಡಿಯುತ್ತದೆ. ಥಿನ್ನರ್ ಹಾಕಿ ಒರೆಸಿದರೆ ಹೋಗುವುದಿಲ್ಲ, ಹರಡುತ್ತದೆ ಅಷ್ಟೇ. ಬರೀ ನೀರು ಹಾಕಿ ಪಾತ್ರೆ ತಿಕ್ಕುವ ಸ್ಕ್ರಬ್ಬರಿನಲ್ಲಿ ಉಜ್ಜಿ ತೊಳೆದು, ಒಣಗಿಸಿ, ಪಾಲಿಶ್ ಪೇಪರ್ ಹಿಡಿಯಬೇಕು.

ಪಕ್ಕಾಸಿನ ಜೋಡಣೆ ಹೊರಗಿನಿಂದ ನೋಡಲು ಉಳಿದವುಗಳಷ್ಟೇ ಚೆನ್ನಾಗಿತ್ತು. ಆ ಕೋಲು ಇಲ್ಲದಿದ್ದರೆ ಅದು ಹಾಗೇ ಮಾಡಿನಲ್ಲಿ ಉಳಿಯುತ್ತಿತ್ತು. ಹಾಟ್ ಏರ್ ಗನ್ನಿನಲ್ಲಿ ಬಿಸಿ ಮಾಡಿ, ಮರದ ಬೆಣೆ ಹೊಡೆದು ಬಿಚ್ಚಿದೆವು. ಎರಡೂ ಮುಖ ಪುನಃ ಹೆರೆದು ಮೊದಲಿನಿಂದ ಅಂಟಿಸಿದೆವು. ಹೊಸ ಕೋಲು 34 ಕೆ.ಜಿ. ಅಂದಿನಿಂದ ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಶುರು ಮಾಡಿ, ಮಧ್ಯಾಹ್ನದ ಒಳಗೆ ಕ್ಲಾಂಪ್ ಹಾಕಿ ಮುಗಿಸುವ ಕ್ರಮ ಇಟ್ಟುಕೊಂಡೆವು.

ಹಂತ 7: ಬೋಲ್ಟ್, ಭಾರ (ಫೆಬ್ರವರಿ)

ಪ್ರತಿ ಜೋಡಣೆಗೆ 8 ಮಿ.ಮೀ. ಸ್ಟೇನ್‌ಲೆಸ್ ಬೋಲ್ಟ್ ಎರಡು, ಅಗಲ ವಾಷರ್ ಕೊಟ್ಟು. ಸಮುದ್ರದ ಗಾಳಿಗೆ ಮಾಮೂಲಿ ಕಬ್ಬಿಣ ಬೇಡ. ಅಂಟು ಮತ್ತು ಬೋಲ್ಟ್ ಅರ್ಧರ್ಧ ಭಾರ ಹೊರುತ್ತವೆ ಎಂದು ತಿಳಿಯಬಾರದು. ಅಂಟು ಗಡುಸು, ಬೋಲ್ಟಿನ ತೂತಿನಲ್ಲಿ ಚೂರು ಸಡಿಲ ಇದ್ದೇ ಇರುತ್ತದೆ. ಅಂಟು ಇರುವಷ್ಟು ದಿನ ಎಲ್ಲ ಅದೇ ಹೊರುತ್ತದೆ. ಅಂಟು ಬಿಟ್ಟರೆ ಮಾಡು ಕೆಳಗೆ ಬೀಳದಂತೆ ಹಿಡಿಯಲು ಬೋಲ್ಟ್.

ರೀಪು ಹೊಡೆಯುವ ಮೊದಲು ಒಂದೊಂದೇ ಪಕ್ಕಾಸಿನ ತುದಿಗೆ 25 ಕೆ.ಜಿ.ಯ ನಾಲ್ಕು ಚೀಲ ನೇತು ಹಾಕಿದೆವು. ಹಂಚು, ಅದರ ಮೇಲೆ ಒಬ್ಬ ಮನುಷ್ಯ ಕಾಲಿಟ್ಟರೆ ಬರುವ ಭಾರ ಸುಮಾರು ಅಷ್ಟು. ಜೋಡಣೆ ಇಲ್ಲದ ಒಳ್ಳೆಯ ಪಕ್ಕಾಸು 12 ಮಿ.ಮೀ. ಇಳಿಯಿತು. ಜೋಡಿಸಿದವು 12ರಿಂದ 14. ಮೂರನೆಯದರ ಮೇಲೆ ಚೀಲಗಳನ್ನು ಒಂದು ವಾರ ಹಾಗೇ ಬಿಟ್ಟೆವು. 13 ಇದ್ದದ್ದು 14 ಆಯಿತು, ಅಲ್ಲಿಗೇ ನಿಂತಿತು. ಭಾರ ತೆಗೆದ ಮೇಲೆ 1 ಮಿ.ಮೀ. ಮಾತ್ರ ಉಳಿಯಿತು. ಆಮೇಲೆ ಹಂಚು ಏರಿಸಿದೆವು.

ಏಪ್ರಿಲ್: ಬಿಸಿ ಅಳೆದದ್ದು

ಮಧ್ಯಾಹ್ನ ಎರಡೂವರೆಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದೆ. ಹಂಚಿನ ಅಡಿಭಾಗ 51 ಡಿಗ್ರಿ. ಪಕ್ಕಾಸಿನ ಮೇಲಂಚು 43, ಜೋಡಣೆ ಇರುವ ಪಕ್ಕದ ಮುಖ 38. ನನಗೆ ಸಮಾಧಾನ ಆದದ್ದು ಈ 38 ನೋಡಿ. ಹಂಚಿನ ಸಂದಿಯಲ್ಲಿ ಗಾಳಿ ಆಡುತ್ತದೆ, ಮರ ಬಿಸಿಯನ್ನು ನಿಧಾನಕ್ಕೆ ಎಳೆದುಕೊಳ್ಳುತ್ತದೆ. ತಗಡಿನ ಶೀಟು ಹಾಕಿದ ಮಾಡಿಗೆ ನಾನು ಈ ಅಂಟನ್ನು ಬಳಸುವುದಿಲ್ಲ. ಶೀಟು ಇನ್ನೂ ಜಾಸ್ತಿ ಕಾಯುತ್ತದೆ, ಅಲ್ಲಿಗೆ ಬಿಸಿ ತಾಳುವ ಬೇರೆ ಅಂಟು ಹುಡುಕಬೇಕು.

ಖರ್ಚು

ಎಪಾಕ್ಸಿ 1,950 ರೂಪಾಯಿ, ಇನ್ನೂ ಅರ್ಧ ಮಿಕ್ಕಿದೆ. ಹೊಸ ತುದಿಗಳಿಗೆ ಹಳೆ ಕಿರಾಲ್‌ಬೋಗಿ 3,500. ಪೂರ್ತಿ ಬದಲಾಯಿಸಿದ ಎರಡು ಪಕ್ಕಾಸು 4,700. ಬೋಲ್ಟು, ವಾಷರ್ 650. ಪೇಪರ್, ಬ್ರಷ್, ಗ್ಲೌಸ್ 480. ಜಾಕ್ ಬಾಡಿಗೆ 1,200. ಆಚಾರಿ ಮತ್ತು ಸಹಾಯಕರ ಸಂಬಳ 15,400. ಒಟ್ಟು 27,880. ಮರದ ಲೆಕ್ಕದಲ್ಲಿ ಉಳಿತಾಯ ದೊಡ್ಡದೇನಲ್ಲ. ಉಳಿತಾಯ ಆದದ್ದು ಮೋಂತಾಯದವರೆಗೆ ಬಿಚ್ಚುವ ಕೆಲಸ.

ಪೂರ್ತಿ ಬದಲಾಯಿಸಿದ ಆ ಎರಡು ಪಕ್ಕಾಸುಗಳಲ್ಲಿ ಕೊಳೆತವು ಗೋಡೆ ದಾಟಿ ಮೂರು ಅಡಿ ಒಳಗೆ ಹೋಗಿತ್ತು, ಓರೆಗೆ ಗಟ್ಟಿ ಮರ ಸಿಗಲಿಲ್ಲ. ಅಂಥದ್ದಕ್ಕೆ ಅಂಟಿನ ಯೋಚನೆಯೇ ಬೇಡ.

ಇನ್ನು ಬಾಕಿ ಇರುವುದು: ಹೊಸ ತುದಿಗಳ ಅಡ್ಡ ಮುಖಕ್ಕೆ ಇನ್ನೊಂದು ಕೋಟ್ ಎಪಾಕ್ಸಿ, ಒಡೆದ ಹಂಚುಗಳನ್ನು ಹುಡುಕಿ ಬದಲಾಯಿಸುವುದು. ಪ್ರತಿ ಪಕ್ಕಾಸಿನ ತುದಿಯ ಮಟ್ಟವನ್ನು ಗೋಡೆಯ ಮೇಲೆ ಗೀರಿ ಗುರುತು ಹಾಕಿದ್ದೇನೆ. ಅಕ್ಟೋಬರಿನಲ್ಲಿ ಮತ್ತೆ ಅಳೆಯುತ್ತೇನೆ. 3 ಮಿ.ಮೀ.ಗಿಂತ ಜಾಸ್ತಿ ಇಳಿದಿದ್ದರೆ, ಅಥವಾ ಅಂಟಿನ ಗೆರೆಯ ಅಂಚಿನಲ್ಲಿ ಬ್ಲೇಡಿನ ತುದಿ ಹೋಗುವಷ್ಟು ಸಂದಿ ಕಂಡರೆ, ಜಾಕ್ ಕೊಟ್ಟು ಆ ಜೋಡಣೆ ಬಿಚ್ಚುವುದೇ.